ಹಳೇ ಬಾಸ್‌ಗೆ ಪೇಂಟ್ ಬೇಡ ರಾಯರೇ

ಬೇಡ ರಾಯರೇ, ದಯವಿಟ್ಟು ಬೇಡ. ನಿಮ್ಮ ಭಾವನವರು ಬಿಟ್ಟುಹೋದ ಆ ಬಾಸ್ ಗಿಟಾರ್‌ಗೆ ಹೊಸದಾಗಿ ಪೇಂಟ್ ಹೊಡೆಸ್ತೀನಿ ಅಂದಾಗಿಂದ ನನಗೆ ಕೂತಲ್ಲಿ ಕೂರೋಕಾಗ್ತಿಲ್ಲ. ಮೊಣಕೈ ಊರಿದ ಕಡೆ ಬಣ್ಣ ಸವೆದು ಮರ ಕಾಣ್ತಿದೆ ಅಂದ್ರೆ ಅವರು ಅಷ್ಟು ನುಡಿಸಿದ್ದಾರೆ ಅಂತ. ಅದನ್ಯಾಕೆ ಉಜ್ಜಿ ಅಳಿಸ್ತೀರಿ?

ತೊಂದ್ರೆ ಇರೋದು ಬೇರೆ ಕಡೆ. ವಾಲ್ಯೂಮ್ ತಿರುಗಿಸಿದ್ರೆ ಕರಕರ ಅನ್ನುತ್ತಲ್ಲ, ಅದು ಆ ಗುಂಡಿ ಕೆಳಗಿರೋ ಪಾಟ್ ಒಳಗಿನ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಒಂದಿಷ್ಟು ಬಿಟ್ಟು ಹಿಂದೆಮುಂದೆ ತಿರುಗಿಸಿದ್ರೆ ಬಹುಪಾಲು ಹೋಗುತ್ತೆ. ತಂತಿ ಮುಟ್ಟಿದ್ರೂ ಗುಂಯ್ ಅನ್ನೋದು ತಗ್ಗದಿದ್ರೆ ಬ್ರಿಡ್ಜ್ ಕೆಳಗಿನ ಅರ್ತ್ ವೈರ್ ಬಿಟ್ಟಿದೆಯಾ ನೋಡ್ಬೇಕು. ಪಾಟ್ ಮಾತ್ರ ಬಿಸಾಡೋ ಹಾಗಿಲ್ಲ. ಅಮೆರಿಕದ ಹಳೇ ಪಾಟ್‌ಗಳ ಬೆನ್ನಿಗೆ ನಂಬರ್ ಒತ್ತಿರ್ತಾರೆ. 1376624 ಅಂತಿದ್ರೆ 137 ಸಿಟಿಎಸ್ ಕಂಪನಿ, 66 ಅಂದ್ರೆ 1966, 24 ಅಂದ್ರೆ ಆ ವರ್ಷದ 24ನೇ ವಾರ. ಗಿಟಾರಿನ ಜಾತಕ ಅಲ್ಲೇ ಇದೆ!

ನೆಕ್ ಬಾಗಿರೋದಕ್ಕೂ ಗಾಬರಿ ಬೇಡ. ನಾಲ್ಕು ತಂತಿ ಸೇರಿ ಸುಮಾರು 75 ಕೆಜಿ ಎಳೆತ ಹಾಕ್ತವೆ, ಮರ ಬಾಗದೆ ಇನ್ನೇನು? ಒಳಗೆ ಆ ಎಳೆತಕ್ಕೆ ಎದುರು ನಿಲ್ಲೋ ಟ್ರಸ್ ರಾಡ್ ಇದೆ. ಹಳೇ ಫೆಂಡರ್‌ಗಳಲ್ಲಿ ಅದರ ನಟ್ಟು ಬುಡದಲ್ಲಿರೋದ್ರಿಂದ ನೆಕ್ ಬಿಚ್ಚಿಯೇ ತಿರುಗಿಸ್ಬೇಕು. ಒಂದ್ಸಲಕ್ಕೆ ಕಾಲು ಸುತ್ತು, ಅಷ್ಟೇ. ಅವಸರ ಮಾಡಿದ್ರೆ ರಾಡ್ ಮುರಿದೇ ಹೋಗಬಹುದು.

ಬಾಸ್ ವಾದಕ ಜಾಕೊ ಪಾಸ್ಟೋರಿಯಸ್ ಹೆಸರು ಕೇಳಿದ್ದೀರಲ್ಲ? ಫ್ಲಾರಿಡಾದಲ್ಲಿ ಬೆಳೆದವನು. ಅವನದ್ದು 1962ರ ಫೆಂಡರ್ ಜಾಝ್ ಬಾಸ್. ಫ್ರೆಟ್‌ಗಳೇ ಇಲ್ಲ, ಅವು ಇದ್ದ ಸೀಳುಗಳಿಗೆ ಪುಟ್ಟಿ. ಗರಗರ ಅನ್ನೋ ರೌಂಡ್‌ವೌಂಡ್ ತಂತಿ ಮರ ತಿಂದುಹಾಕುತ್ತೆ ಅಂತ ಮೇಲೆ ದೋಣಿಗೆ ಬಳಿಯೋ ಎಪಾಕ್ಸಿ. ಹಾಡೋ ಹಾಗಿದ್ದ ಆ ನಾದದಲ್ಲಿ ಎಪಾಕ್ಸಿಯದ್ದೂ ಪಾಲಿದೆ. 1980ರ ದಶಕದಲ್ಲಿ ಆ ಬಾಸ್ ಚೂರುಚೂರಾಯ್ತು. ಕೆವಿನ್ ಕಾಫ್‌ಮನ್, ಜಿಮ್ ಹ್ಯಾಮಿಲ್ಟನ್ ಅನ್ನೋ ಇಬ್ಬರು ಕುಶಲಕರ್ಮಿಗಳು ತುಂಡುತುಂಡು ಕೂಡಿಸಿ ಮತ್ತೆ ನುಡಿಯೋ ಹಾಗೆ ಮಾಡಿದ್ರು. 1986ರಲ್ಲಿ ನ್ಯೂಯಾರ್ಕಿನಲ್ಲಿ ಕಳುವಾಯ್ತು. ಮರುವರ್ಷ ಜಾಕೊ ತೀರಿಕೊಂಡ. ಸುಮಾರು ಇಪ್ಪತ್ತು ವರ್ಷದ ಮೇಲೆ ಅದು ಸಿಕ್ಕಾಗ, ಜಾಕೊ ಮನೆಯವರಿಗೆ ನೆರವಾಗಿ ನಿಂತವನು ಮೆಟಾಲಿಕಾ ಬ್ಯಾಂಡಿನ ರಾಬರ್ಟ್ ಟ್ರುಹಿಯೊ.

ಈಗ ಹೇಳಿ, ಆ ಬಾಸನ್ನ ಫ್ಯಾಕ್ಟರಿಯಿಂದ ಬಂದ ಹಾಗೆ ಮಾಡ್ತೀವಿ ಅಂತ ಎಪಾಕ್ಸಿ ಕೆರೆದು ಫ್ರೆಟ್ ಬಡಿದಿದ್ರೆ? ಜಾಕೊನೇ ಉಳೀತಿರ್ಲಿಲ್ಲ. ರಿಪೇರಿ ಆಗ್ಬೇಕಿರೋದು ನುಡಿಯೋದಕ್ಕೆ ರಾಯರೇ, ಶೋಕೇಸಿಗಲ್ಲ.

ಪಿಕಪ್ ಸತ್ತಿದೆ ಅಂದವನ ಮಾತೂ ಈಗಲೇ ನಂಬಬೇಡಿ. ಎಷ್ಟೋ ಸಲ ಅದರೊಳಗಿನ ಕೂದಲೆಳೆಯಂಥ ವೈರು ತುದೀಲಿ, ಬೆಸುಗೆ ಹತ್ರ ತುಂಡಾಗಿರುತ್ತೆ, ಪೂರ್ತಿ ಸುತ್ತಿಸೋದೇ ಬೇಕಿಲ್ಲ. ಭಾನುವಾರ ಮೀಟರ್ ತಗೊಂಡು ಬರ್ತೀನಿ. ಅಲ್ಲೀವರೆಗೆ ಒಂದು ಸ್ಕ್ರೂನೂ ಬದಲಾಯಿಸ್ಬೇಡಿ.