ಡೋಸಿಂಗ್ ಪಂಪಿನ ಪ್ರಮಾಣಮೀಮಾಂಸೆ

ಕುಡಿಯುವ ನೀರಿಗೆ ಸೋಡಿಯಂ ಹೈಪೋಕ್ಲೋರೈಟ್ ಬೆರೆಸುವ ಪುಟ್ಟ ಪಂಪಿನ ಕುರಿತ ಚರ್ಚೆಗಳೆಲ್ಲ ಇದುವರೆಗೆ ಪಂಪ್‌ಹೌಸಿನ ಹೊಸ್ತಿಲ ಮೇಲೆ, ಬೀಡಿಯ ಹೊಗೆಯ ನಡುವೆ ನಡೆದು ಅಲ್ಲೇ ಆರಿಹೋಗಿವೆ. ಅವನ್ನು ಶಾಸ್ತ್ರದ ಚೌಕಟ್ಟಿಗೆ ತರುವ ಭಾರವನ್ನು ಪ್ರಸ್ತುತ ಲೇಖಕನು, ಯಾರೂ ಕೇಳದಿದ್ದರೂ, ಹೊತ್ತಿದ್ದಾನೆ.

ಮೊದಲು ವಸ್ತುನಿರ್ದೇಶ. ಒಂದು ಊರಿನ ಬೋರ್‌ವೆಲ್‌ನಿಂದ ಓವರ್‌ಹೆಡ್ ಟ್ಯಾಂಕಿಗೆ ಗಂಟೆಗೆ 20,000 ಲೀಟರ್ ನೀರು ಏರುತ್ತದೆ ಎನ್ನೋಣ. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಬೇಕಾದರೆ ಗಂಟೆಗೆ 20 ಗ್ರಾಂ. ಶೇ. 1ರ ದ್ರಾವಣದಲ್ಲಿ ಲೀಟರಿಗೆ 10 ಗ್ರಾಂ ಇರುವುದರಿಂದ ಗಂಟೆಗೆ 2 ಲೀಟರ್ ಹೋಗಬೇಕು. ಪಂಪು ಗಂಟೆಗೆ 6 ಲೀಟರಿನದು. ಸ್ಟ್ರೋಕಿನ ಉದ್ದವನ್ನು ಪೂರ್ತಿ ಇಟ್ಟು ವೇಗದ ನಾಬನ್ನು 33ಕ್ಕೆ ತಿರುಗಿಸಿದರೆ ಮುಗಿಯಿತು ಎಂಬುದು ಪೂರ್ವಪಕ್ಷ.

ಪೂರ್ವಪಕ್ಷಿಗಳಲ್ಲೂ ಒಮ್ಮತವಿಲ್ಲ. ಶಬ್ದಪ್ರಮಾಣವಾದಿಗಳಿಗೆ ಕಂಪನಿಯ ಕೈಪಿಡಿಯೇ ವೇದ. ಅದನ್ನು ಓದಿದವರು ಯಾರೂ ಇಲ್ಲದಿರುವುದರಿಂದ ಅದರ ಅಪೌರುಷೇಯತ್ವಕ್ಕೆ ಧಕ್ಕೆಯಿಲ್ಲ. ಉಪಮಾನವಾದಿಗಳು ಪಕ್ಕದ ಊರಿನ ಪಂಪು 40ರಲ್ಲಿದೆ, ನಮ್ಮದೂ ಇರಲಿ ಎನ್ನುತ್ತಾರೆ. ಮೂರನೆಯವರು ನಾಸಿಕವಾದಿಗಳು: ವಾಸನೆ ಬಂದರೆ ಜಾಸ್ತಿ, ಬರದಿದ್ದರೆ ಕಮ್ಮಿ. ದಿನವೂ ಹೈಪೋ ಕ್ಯಾನಿನ ಮುಚ್ಚಳ ತೆಗೆಯುವ ಮೂಗು ಸಾಕ್ಷಿ ಹೇಳಲು ಯೋಗ್ಯವೇ ಎಂಬ ಆಕ್ಷೇಪಕ್ಕೆ ಅವರಲ್ಲಿ ಉತ್ತರವಿಲ್ಲ.

ನಾಬಿನ ಸುತ್ತ ಮಾರ್ಕರ್ ಗೆರೆಗಳೂ ಇವೆ. ಕಪ್ಪು ಗೆರೆ ಮೂಲಪಾಠ, ಕೆಂಪು ಪಾಠಾಂತರ, ನೀಲಿ ನಿಸ್ಸಂದೇಹವಾಗಿ ಪ್ರಕ್ಷಿಪ್ತ. ಮೂರರಲ್ಲಿ ಒಂದೂ ಇಂದಿನ ದ್ರಾವಣಕ್ಕೆ ಹೊಂದುವುದಿಲ್ಲ. ಬಿಸಿಲಿಗೆ ಬಿದ್ದ ಕ್ಯಾನಿನ ಹೈಪೋ ದಿನೇದಿನೇ ಸತ್ವ ಕಳೆದುಕೊಳ್ಳುತ್ತದೆ. ಲೇಬಲ್ಲಿನ ಮೇಲೆ ಮಾತ್ರ ಅದು ಚಿರಂಜೀವಿ.

ಇನ್ನು ಸಿದ್ಧಾಂತ. 250 ಮಿಲಿಲೀಟರಿನ ಅಳತೆ ಸಿಲಿಂಡರಿಗೆ ದ್ರಾವಣ ತುಂಬಿ ಪಂಪಿನ ಹೀರುಕೊಳವೆಯನ್ನು ಅದರೊಳಗೆ ಇಳಿಬಿಡಬೇಕು. ಬೋರ್‌ವೆಲ್ ಮೋಟಾರು ಓಡುತ್ತಿರಬೇಕು. ಪಂಪಿನ ಇನ್ನೊಂದು ತುದಿ ಮೇನ್ ಪೈಪಿಗೇ ಸೇರಿರಬೇಕು. ಆ ತುದಿಯನ್ನು ಬಕೆಟ್ಟಿಗೆ ಬಿಟ್ಟು ಅಳೆಯುವ ಬಕೆಟ್ ಸಂಪ್ರದಾಯವನ್ನು ಇಲ್ಲಿ ಖಂಡಿಸಲಾಗಿದೆ: ಲೈನಿನ ಒತ್ತಡವಿಲ್ಲದೆ ಸಿಕ್ಕ ಅಳತೆ ಬಕೆಟ್ಟಿಗಷ್ಟೇ ಸತ್ಯ. ಮಟ್ಟ 200ರಿಂದ 100ಕ್ಕೆ ಇಳಿಯಲು 3 ನಿಮಿಷ ಸಾಕಿತ್ತು. ಹಿಡಿದದ್ದು 3 ನಿಮಿಷ 45 ಸೆಕೆಂಡ್ ಎನ್ನೋಣ. ಅಂದರೆ ಗಂಟೆಗೆ 1.6 ಲೀಟರ್. ನಾಬು 41ರ ಹತ್ತಿರ ಹೋಗಬೇಕು, ಹೋದ ಮೇಲೆ ಮತ್ತೆ ಅಳೆಯಬೇಕು. ಅನುಮಾನಪ್ರಮಾಣವು ಪ್ರತ್ಯಕ್ಷದ ಸಹಿಯಿಲ್ಲದೆ ಚಲಾವಣೆಯಾಗದು.

ಈಗ ಶಾಸ್ತ್ರದ ಅತ್ಯಂತ ಕ್ಲಿಷ್ಟ ಪ್ರಕರಣ. ಸಿಲಿಂಡರಿನ ಮಟ್ಟ ಕದಲುವುದೇ ಇಲ್ಲ. “ಟಕ್ ಟಕ್ ಅಂತೈತಲ್ಲ ಸಾ, ಓಡ್ತಾ ಐತೆ,” ಎನ್ನುತ್ತಾನೆ ನೀರುಗಂಟಿ. ಶಬ್ದವಿದೆ, ಅರ್ಥವಿಲ್ಲ. ಹೈಪೋ ತಾನಾಗಿ ಆಮ್ಲಜನಕ ಬಿಡುತ್ತದೆ. ಆ ಗುಳ್ಳೆ ಪಂಪಿನ ತಲೆಯಲ್ಲಿ ಸೇರಿಕೊಂಡರೆ ಡಯಾಫ್ರಂ ಒಳಹೊರಗೆ ಆಡಿದಷ್ಟೂ ಗುಳ್ಳೆ ಹಿಗ್ಗುತ್ತದೆ, ಕುಗ್ಗುತ್ತದೆ, ದ್ರಾವಣ ಇದ್ದಲ್ಲೇ ಇರುತ್ತದೆ. ಏರ್ ಬಿಡುವ ವಾಲ್ವ್ ಸಡಿಲಿಸಿ, ಗುಳ್ಳೆಗಳು ನಿಂತು ದ್ರಾವಣವೇ ಬರುವ ತನಕ ಕಾಯಬೇಕು. ಸ್ಟ್ರೋಕನ್ನು ಉದ್ದವಾಗಿಟ್ಟು ವೇಗ ತಗ್ಗಿಸಿದ್ದು ಇದೇ ಕಾರಣಕ್ಕೆ: ಗಿಡ್ಡ ಸ್ಟ್ರೋಕಿಗೆ ಗುಳ್ಳೆಯನ್ನು ಹೊರದಬ್ಬುವ ದಮ್ಮಿಲ್ಲ. ಆಗಲೂ ಕದಲದಿದ್ದರೆ ವಾಲ್ವಿನ ಗುಂಡಿನ ಕೆಳಗೆ ಬಿಳಿ ಹರಳು ಕೂತಿದೆಯೆಂದು ಊಹಿಸಬೇಕು. ಹರಳು ಕರಗಿಸಲು ಆಸಿಡ್ ಹುಯ್ಯುವ ಶೂರರಿದ್ದಾರೆ. ಇಲ್ಲಿ ಮಾತ್ರ ಲೇಖಕನು ತಮಾಷೆ ಬದಿಗಿಡುತ್ತಾನೆ: ಹೈಪೋ ಉಳಿದ ಕಡೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಎದ್ದು ಉಸಿರುಕಟ್ಟಿಸುತ್ತದೆ. ವಾಲ್ವ್ ಬಿಚ್ಚಿ, ಮೊದಲು ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು.

ಅಂತಿಮ ತೀರ್ಪು ಕೊನೆಯ ಬೀದಿಯ ಕೊನೆಯ ನಲ್ಲಿಯದು. ಅಲ್ಲಿನ ನೀರಿಗೆ ಡಿಪಿಡಿ ಮಾತ್ರೆ ಹಾಕಿದಾಗ ಗುಲಾಬಿ ಬಣ್ಣ ಬಂದು, ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ತೋರಬೇಕೆಂದು ಐಎಸ್ 10500 ವಿಧಿಸುತ್ತದೆ.

ಈ ವಿಧಿಯ ಪಾಲನೆಗೆ ಲಿಖಿತ ಆಧಾರವೂ ಉಂಟು. ಇಂಥ ಊರಿನ ರಿಜಿಸ್ಟರಿನಲ್ಲಿ ತಿಂಗಳ ಮೂವತ್ತೂ ದಿನ 0.2 ಎಂದೇ ಬರೆದಿರುತ್ತದೆ. ಕರೆಂಟಿಲ್ಲದೆ ಮೋಟಾರು ಓಡದ ದಿನಗಳೂ ಅದರಲ್ಲಿ ಸೇರಿವೆ. ಶಾಯಿಯ ಬಣ್ಣ, ಅಕ್ಷರದ ಓರೆ, ಕೊನೆಯ ಸಾಲುಗಳಲ್ಲಿ ಕಾಣುವ ಆತುರ ಇವನ್ನೆಲ್ಲ ಪರಿಶೀಲಿಸಿದರೆ ಕೃತಿ ಏಕಕರ್ತೃಕವೆಂದೂ, ರಚನೆಯಾದದ್ದು ತಪಾಸಣೆಯ ಹಿಂದಿನ ರಾತ್ರಿಯೆಂದೂ ನಿರ್ಧರಿಸಬಹುದು.