ಬಿಚ್ಚೋದು ಸುಲಭ ಸ್ವಾಮಿ!

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮನೆ ಬಾಲ್ಕನಿಯಲ್ಲಿ ಸೈಕಲ್ಲು ಈಗ ನಿಂತಿದೆಯೋ, ತಲೆಕೆಳಗಾಗಿದೆಯೋ? ಎರಡೂ ಚಕ್ರ ಅವುಗಳ ಜಾಗದಲ್ಲೇ ಇವೆಯೋ, ಒಂದು ಹೋಗಿ ಬಟ್ಟೆ ಒಣಗಿಸೋ ಸ್ಟ್ಯಾಂಡಿಗೆ ಒರಗಿಕೊಂಡಿದೆಯೋ? ಹಳೇ ಪೇಪರ್ ಹಾಸಿ ನಟ್ಟು, ಬೋಲ್ಟು, ವಾಷರ್ರು ಎಲ್ಲ ಸಾಲಾಗಿ ಜೋಡಿಸಿದ್ರಲ್ಲ (ಇದೇ ಸಾಲಲ್ಲಿ ವಾಪಸ್ ಹಾಕಿದ್ರೆ ಆಯ್ತು ಅಂತ), ಬೆಳಗ್ಗೆ ಕಸ ಗುಡಿಸುವಾಗ ಆ ಪೇಪರ್ರು ಒಂದು ಗೇಣು ಆಚೆ ಸರಿದಿಲ್ಲ ತಾನೆ?

ಸರಿದಿದೆ. ನಂಗೊತ್ತು. ಅದಕ್ಕೇ ಬೆಳಗ್ಗೆಯಿಂದ ಮನೆಯವರ ಮೇಲೆ ಸುಮ್ಸುಮ್ನೆ ರೇಗ್ತಾ ಇದೀರಿ.

ನೀವು ಸೈಕಲ್ ತಗೊಂಡಿದ್ದು ಹೊಟ್ಟೆ ಕರಗಿಸೋಕೆ, ಅಲ್ವಾ? ಲಾಕ್‌ಡೌನ್ ಟೈಮಲ್ಲೋ, ಇಲ್ಲಾ ಡಾಕ್ಟರು ಕೊಲೆಸ್ಟ್ರಾಲ್ ರಿಪೋರ್ಟ್ ನೋಡಿ ಕನ್ನಡಕ ಮೇಲಕ್ಕೆ ಸರಿಸಿದ ದಿನವೋ. ಮೊದಲು ಸೈಕಲ್ಲು ಬಂತು. ಅದರ ಬೆನ್ನಿಗೇ ಹೆಲ್ಮೆಟ್ಟು, ಗ್ಲೌಸು, ಹಿಂದುಗಡೆ ದಿಂಬು ಹೊಲಿದ ಚಡ್ಡಿ. (ಆ ಚಡ್ಡೀಲಿ ಲಿಫ್ಟಿನೊಳಗೆ ಮೂರನೇ ಮಹಡಿ ಆಂಟಿ ಸಿಕ್ಕಾಗ ಗೋಡೆಗೆ ಬೆನ್ನು ಅಂಟಿಸ್ಕೊಂಡು ನಿಂತಿದ್ರಂತೆ!) ಆಮೇಲೆ ಸದ್ದಿಲ್ಲದೆ, ಒಂದೊಂದೇ ಪಾರ್ಸೆಲ್ಲಲ್ಲಿ, ಟೂಲ್ಸು.

ಭಾನುವಾರ ಬೆಳಗಿನ ಜಾವ ಹೆಬ್ಬಾಳದ ಹತ್ರ ಗುಂಪು ಸೇರೋದು, ಅಲ್ಲಿಂದ ನಂದಿ ಬೆಟ್ಟ. ಬೆಟ್ಟದ ತುದಿ ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರ ಅಂತ ಸೋಮವಾರ ಆಫೀಸಲ್ಲಿ ಎಲ್ಲರಿಗೂ ಹೇಳ್ತೀರಿ. ಬೆಂಗಳೂರೇ 900 ಮೀಟರ್ ಮೇಲೆ ಕೂತಿದೆ ಅನ್ನೋದನ್ನ ಮಾತ್ರ ಹೇಳಲ್ಲ. ಕೊನೇ ತಿರುವುಗಳಲ್ಲಿ ಇಳಿದು ತಳ್ಳಿದ್ದು, ತಳ್ಳೋವಾಗ ಸವಾರಿ ಅಳೆಯೋ ಸ್ಟ್ರಾವಾ ಆ್ಯಪ್ ನಿಲ್ಲಿಸಿದ್ದು, ಇಳಿದು ಬಂದ್ಮೇಲೆ ಎರಡು ಬೆಣ್ಣೆ ಮಸಾಲೆ ಇಳಿಸಿದ್ದು... ಹೋಗ್ಲಿ ಬಿಡಿ, ಅದೆಲ್ಲ ಯಾಕೆ.

ಆದ್ರೆ ಅದು ವಾರಕ್ಕೊಂದು ದಿನದ ಮಾತು. ಉಳಿದ ದಿನ ರಾತ್ರಿ ಊಟ ಆದ್ಮೇಲೆ ಬಾಲ್ಕನೀಲಿ ಲೈಟ್ ಹಾಕ್ಕೊಂಡು, ಮೊಬೈಲಲ್ಲಿ ಯಾರೋ ಗಡ್ಡದ ದೊರೆಯ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡ್ತಾ ಏನ್ ಮಾಡ್ತಿರ್ತೀರಿ? ನಿಜ ಒಪ್ಕೊಳ್ಳಿ. ನಿಮಗೆ ಸೈಕಲ್ ಓಡಿಸೋದಕ್ಕಿಂತ ಬಿಚ್ಚೋದ್ರಲ್ಲೇ ಖುಷಿ ಜಾಸ್ತಿ.

ತಪ್ಪೇನಿಲ್ಲ ಕಣ್ರೀ. ಮೊಬೈಲ್ ಬಿಚ್ಚೋಕೆ ಹೋದ್ರೆ ಅಂಟು ಹಾಕಿ ಮುಚ್ಚಿರ್ತಾರೆ. ಕಾರಿನ ಬಾನೆಟ್ ಎತ್ತಿದ್ರೆ ಒಳಗಡೆ ಇನ್ನೊಂದು ಪ್ಲಾಸ್ಟಿಕ್ ಮುಚ್ಚಳ. ವಾಷಿಂಗ್ ಮೆಷಿನ್ ಕೆಟ್ರೆ ಬಂದ ಹುಡುಗ "ಬೋರ್ಡ್ ಹೋಗಿದೆ ಸಾರ್" ಅಂದ್ಬಿಟ್ಟು ಹೋಗ್ತಾನೆ, ಆ ಬೋರ್ಡು ಏನು ಮಾಡ್ತಿತ್ತು ಅಂತ ಅವನಿಗೂ ಗೊತ್ತಿಲ್ಲ. ಸೈಕಲ್ಲು ಹಾಗಲ್ಲ. ಬ್ರೇಕ್ ಹಿಡಿದ್ರೆ ವೈರ್ ಎಳೆಯೋದು ಕಾಣುತ್ತೆ, ಬ್ರೇಕಿನ ರಬ್ಬರ್ ಕಟ್ಟೆ ಹೋಗಿ ರಿಮ್ ಕಚ್ಚೋದು ಕಾಣುತ್ತೆ. ಇಡೀ ಮನೇಲಿ ಕರುಳನ್ನೆಲ್ಲ ಆಚೆ ಇಟ್ಕೊಂಡು ನಿಂತಿರೋ ಯಂತ್ರ ಅದೊಂದೇ. ನೀವೂ ಮನುಷ್ಯರು, ಕೈ ಸುಮ್ನಿರುತ್ತಾ?

ಸುಮ್ನಿರಲ್ಲ. ಅಲ್ಲೇ ಬಂತು ನೋಡಿ ತೊಂದ್ರೆ.

ಗೇರ್ ವಿಷಯ ತಗೊಳ್ಳಿ. ಹಿಂದಿನ ಗೇರ್ ಬದಲಾಯಿಸಿದಾಗ ಚೈನು ಒಂದು ಹಲ್ಲಿನ ಮೇಲೆ ಕೂರೋಕೆ ಹಿಂದೆ ಮುಂದೆ ನೋಡುತ್ತೆ, ಕಟಕಟ ಅನ್ನುತ್ತೆ. ನೀವು ಬಗ್ಗಿ ನೋಡ್ತೀರಿ. ಚೈನನ್ನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸೋ ಡಿರೇಲರ್ ಮೇಲೆ ಎರಡು ಪುಟಾಣಿ ಸ್ಕ್ರೂ. ಒಂದರ ಪಕ್ಕ ಎಚ್, ಇನ್ನೊಂದರ ಪಕ್ಕ ಎಲ್. ಕಣ್ಣಿಗೆ ಬಿತ್ತಲ್ಲ, ಮುಗೀತು! ಸ್ಕ್ರೂಡ್ರೈವರ್ ತಾನಾಗೇ ಕೈಗೆ ಬರುತ್ತೆ.

ಆ ಸ್ಕ್ರೂಗಳಿಗೂ ನಿಮ್ಮ ಕಟಕಟಕ್ಕೂ ಸಂಬಂಧವೇ ಇಲ್ಲ ಸ್ವಾಮಿ. ಅವು ಎರಡು ಬೇಲಿ ಅಷ್ಟೆ: ಚೈನು ಈ ಕಡೆ ಫ್ರೇಮಿಗೆ ಸಿಕ್ಕಿಕೊಳ್ಳಬಾರದು, ಆ ಕಡೆ ಕಡ್ಡಿಗಳ ಒಳಗೆ ನುಗ್ಗಬಾರದು. ಅಂಗಡಿಯಲ್ಲಿ ಒಮ್ಮೆ ಸರಿಯಾಗಿ ಕೂರಿಸಿದ ಮೇಲೆ ಅವನ್ನ ಮುಟ್ಟೋ ಪ್ರಮೇಯ ಬರೋದೇ ಅಪರೂಪ. ನಿಮ್ಮ ರೋಗ ಇರೋದು ವೈರಿನ ಬಿಗಿಯಲ್ಲಿ. ಹೊಸ ವೈರು ಸ್ವಲ್ಪ ದಿನ ಓಡಿದ ಮೇಲೆ ಸಡಿಲ ಆಗುತ್ತೆ. ವೈರು ಡಿರೇಲರ್ ಒಳಗೆ ಹೋಗೋ ಜಾಗದಲ್ಲಿ ಬೆರಳಲ್ಲೇ ತಿರುಗೋ ಒಂದು ಗುಂಡನೆ ಬಿರಡೆ ಇದೆ. ಅದನ್ನ ಕಾಲು ಸುತ್ತು ತಿರುಗಿಸಿ, ಪೆಡಲ್ ಹೊಡೆದು ನೋಡಿ, ಬೇಕಾದ್ರೆ ಇನ್ನೊಂದು ಕಾಲು ಸುತ್ತು. ಟೂಲೇ ಬೇಡ!

(ಟೂಲ್ ಬೇಡ ಅಂದಾಗ ನಿಮ್ಮ ಮುಖ ಬಾಡಿದ್ದು ನೋಡಿದೆ.)

ಆದ್ರೆ ನೀವೇನು ಮಾಡ್ತೀರಿ? ಎಚ್ ಅರ್ಧ ಸುತ್ತು. ಜಾಸ್ತಿ ಆಯ್ತು ಅಂತ ಎಲ್ ಒಂದು ಸುತ್ತು. ಸಾರಿಗೆ ಉಪ್ಪು ಹೆಚ್ಚಾಯ್ತು ಅಂತ ನೀರು, ನೀರಾಯ್ತು ಅಂತ ಮತ್ತೆ ಉಪ್ಪು ಹಾಕಿದ ಹಾಗೆ, ರಾತ್ರಿ ಹನ್ನೊಂದರ ಹೊತ್ತಿಗೆ ಶುರುವಿನಲ್ಲಿ ಎಲ್ಲಿದ್ರಿ ಅಂತ ನಿಮಗೇ ಮರೆತಿರುತ್ತೆ. ಆಗ ಮೊಬೈಲ್ ತೆಗೆದು ಹೊಸ ಡಿರೇಲರ್ ರೇಟ್ ನೋಡ್ತೀರಿ.

ಇನ್ನು ಎಣ್ಣೆ. ಚೈನಿಗೆ ಏನು ಹಾಕ್ತೀರಿ, ಹೇಳಿ? ಆ ನೀಲಿ ಹಳದಿ ಡಬ್ಬಿ ತಾನೆ, ಡಬ್ಲ್ಯೂಡಿ-40? ಬಾಗಿಲು ಕಿರ್ ಅಂದ್ರೂ ಅದೇ, ಸ್ಕೂಟರ್ ಕೆಮ್ಮಿದ್ರೂ ಅದೇ. ಅದನ್ನ 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ಕಂಡುಹಿಡಿದದ್ದು ಲೋಹದ ಮೇಲಿನ ನೀರು ಓಡಿಸೋಕೆ, ತುಕ್ಕು ತಡೆಯೋಕೆ. ಮೊದಮೊದಲು ಅಟ್ಲಾಸ್ ಮೈಗೆ ಬಳಿದ್ರಂತೆ. (ಅಪ್ಪನ ಅಟ್ಲಾಸ್ ಸೈಕಲ್ ಅಲ್ಲ, ಅಟ್ಲಾಸ್ ಅನ್ನೋ ಕ್ಷಿಪಣಿ. ಅಪ್ಪನದಕ್ಕೆ ಹೊಲಿಗೆ ಮೆಷಿನ್ ಎಣ್ಣೆ ಸಾಕಿತ್ತು.) ಕೊಳೆ ತೆಗೆಯೋಕೆ ಅದು ಬಹಳ ಒಳ್ಳೇದು. ಅದನ್ನೇ ಎಣ್ಣೆ ಅಂದ್ಕೊಂಡು ದೇವನಹಳ್ಳಿವರೆಗೂ ಹೋದ್ರೆ ಚೈನು ವಾಪಸ್ ಬರೋವಾಗ ಹಕ್ಕಿಮರಿ ಸ್ವರದಲ್ಲಿ ಹಾಡುತ್ತೆ.

ಚೈನಿನ ಎಣ್ಣೆಯನ್ನೇ ತಂದವರು ಇನ್ನೊಂದು ಜಾತಿ. ಅವರು ಅಭಿಷೇಕ ಮಾಡ್ತಾರೆ. ಒಂದೊಂದು ರೋಲರಿಗೆ ಒಂದೊಂದು ಹನಿ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಒಂದು ಗಳಿಗೆ ಬಿಟ್ಟು ಮೇಲಿಂದ ಪೂರ್ತಿ ಒರೆಸಿಬಿಡಬೇಕು. ಒಳಗೆ ಇಳಿದದ್ದು ಕೆಲಸಕ್ಕೆ, ಮೇಲೆ ಉಳಿದದ್ದು ಬರೀ ಧೂಳು ಹಿಡಿಯೋಕೆ. ಬೆಂಗಳೂರಲ್ಲಿ ಧೂಳಿಗೆ ಬರವೇ? ಯಾವ ರಸ್ತೆಗೆ ಹೋದ್ರೂ ಏನೋ ಒಂದು ಅಗೀತಿರ್ತಾರೆ. ಎಣ್ಣೆ, ಧೂಳು ಸೇರಿ ಕರೀ ಲೇಹ್ಯ ಆಗಿ ಹಲ್ಲು ಅರೆಯುತ್ತೆ. ಆ ಲೇಹ್ಯ ಒರೆಸೋಕೆ ತಗೊಂಡ ಬಿಳೀ ಪಂಚೆ ಯಾರದ್ದು? (ಸರಿ, ಕೇಳಲ್ಲ.)

ಚೈನು ಸವೆದಿದೆಯೋ ಇಲ್ಲವೋ ನೋಡೋಕೂ ನಿಮಗೊಂದು ಗೇಜ್ ಬೇಕು, ಅದೂ ಪಾರ್ಸೆಲ್ಲಲ್ಲಿ ಬರಬೇಕು. ಮನೇಲಿರೋ ಇಂಚ್ ಟೇಪು ಸಾಕು ಕಣ್ರೀ. ಒಂದು ಪಿನ್ನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಹೀರೋ ಸೈಕಲ್ಲಾದ್ರೂ ಅಷ್ಟೇ, ಲಕ್ಷದ ಕಾರ್ಬನ್ ಸೈಕಲ್ಲಾದ್ರೂ ಅಷ್ಟೇ. 24 ಕೊಂಡಿ ಅಳೆದ್ರೆ ಸರಿಯಾಗಿ 12 ಇಂಚು ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂತಾ, ಚೈನ್ ಬದಲಾಯಿಸಿ. ಎಂಟನೇ ಒಂದು ಭಾಗ ಬಂತಾ, ಅದು ಹಿಂದಿನ ಹಲ್ಲುಗಳನ್ನೂ ತಿಂದಿರುತ್ತೆ, ಪರ್ಸು ಗಟ್ಟಿ ಹಿಡ್ಕೊಳ್ಳಿ.

ಎಡಗಡೆ ಪೆಡಲ್ ಬಿಚ್ಚೋಕೆ ಹೋಗಿ ಗಂಟಲ ನರ ಉಬ್ಬಿಸಿಕೊಂಡಿದ್ದು ನೆನಪಿದೆಯಾ? ಬಿಚ್ತಾ ಇದೀನಿ ಅಂದ್ಕೊಂಡು ಬಿಗೀತಾ ಇದ್ರಿ. ಎಡದ್ದಕ್ಕೆ ಎಡಮುರಿ ಥ್ರೆಡ್ಡು, ತುಳಿದೂ ತುಳಿದೂ ತಾನಾಗೇ ಬಿಚ್ಚಿಕೊಳ್ಳಬಾರದು ಅಂತ. ವಿಮಾನದ ರೈಟ್ ಸೋದರರು 1892ರಲ್ಲಿ ಡೇಟನ್ ಊರಲ್ಲಿ ಸೈಕಲ್ ಅಂಗಡಿ ಇಟ್ಟವರಲ್ವೇ, ಅವರೂ ತಮ್ಮ ಸೈಕಲ್ಲಿಗೆ ಹೀಗೇ ಮಾಡಿದ್ರು. ಎಡ ಬಲ ಗೊಂದಲ ಬೇಡ: ಸ್ಪ್ಯಾನರ್ ಮೇಲ್ಮುಖವಾಗಿ ಹಿಡಿದು ಹಿಂದಿನ ಚಕ್ರದ ಕಡೆ ಎಳೆದ್ರೆ ಎರಡೂ ಸಡಿಲ, ಮುಂದಕ್ಕೆ ತಳ್ಳಿದ್ರೆ ಎರಡೂ ಬಿಗಿ.

ಇಷ್ಟಕ್ಕೇ ನಿಲ್ಲಿಸಿದ್ರೆ ನಿಮ್ಮನ್ನ ಕೈಮುಗಿದು ಮೆಚ್ಚಿಕೊಳ್ತಿದ್ದೆ. ನೀವು ನಿಲ್ಲಿಸ್ತೀರಾ? ಚಕ್ರದ ನಡುವಿನ ಹಬ್ ಬಿಚ್ತೀರಿ! ಕೋನ್ ಸಡಿಲಿಸಿ ಆಕ್ಸಲ್ ಎಳೆದ ತಕ್ಷಣ ಗ್ರೀಸಲ್ಲಿ ಮಲಗಿದ್ದ ಬಾಲ್ಸುಗಳು ಎದ್ದು ಹೊರಟ್ವು. ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ ಆ ಕಡೆ 9, ಈ ಕಡೆ 9. ಸಿಕ್ಕಿದ್ದೆಷ್ಟು? ಉಳಿದವು ಫ್ರಿಜ್ ಕೆಳಗೆ. ನೀವು ನೆಲಕ್ಕೆ ಕೆನ್ನೆ ಒತ್ತಿ ಟಾರ್ಚ್ ಬಿಡ್ತಿರೋವಾಗಲೇ ಮಗಳ ಫ್ರೆಂಡ್ಸು ಬರಬೇಕೆ.

ಆಮೇಲಿನ ಕಥೆ ಎಲ್ಲರ ಮನೇದೂ ಒಂದೇ. ಬಿಡಿಭಾಗ ಎಲ್ಲ ತರಕಾರಿ ಚೀಲಕ್ಕೆ ಹಾಕ್ಕೊಂಡು, ಚಕ್ರ ಹೆಗಲಿಗೇರಿಸಿ, ಕತ್ತಲಾದ್ಮೇಲೆ ಮೂಲೆ ಸೈಕಲ್ ಶಾಪಿಗೆ. ಒಂದು ಕಾಲದಲ್ಲಿ ಗಂಟೆ ಬಾಡಿಗೆಗೆ ಸೈಕಲ್ ಕೊಡ್ತಿದ್ದ ಅಂಗಡಿ ಅದು. ಅಂಗಡಿಯಾತ ಚೀಲದೊಳಗೆ ಇಣುಕಿ, ನಿಮ್ಮ ಮುಖ ನೋಡಿ, ಮತ್ತೆ ಚೀಲ ನೋಡಿ ಕೇಳ್ತಾನೆ: "ಯಾರ್ ಸಾರ್ ಇದನ್ನ ಬಿಚ್ಚಿದ್ದು?" ನೀವು: "ಯಾರೋ ಹುಡುಗ ಅಣ್ಣ, ಅರ್ಧಂಬರ್ಧ ಕಲ್ತಿರ್ತಾವೆ." ಆತ ಬೀಡಿ ಕಚ್ಚಿಕೊಂಡೇ ಬಾಲ್ಸು ಕೂರಿಸಿ, ಕಡ್ಡಿಗಳನ್ನ ಒಂದೊಂದಾಗಿ ಮೀಟಿ, ಸೊಟ್ಟಗಿದ್ದ ಕಡೆ ಬೆಂಡ್ ತೆಗೆದು ಕೊಡ್ತಾನೆ. ನಿಮ್ಮ ಟೂಲ್ ಬಾಕ್ಸಿನ ಕಾಲು ಭಾಗ ಸಾಮಾನೂ ಅವನ ಹತ್ರ ಇಲ್ಲ. ಇಸ್ಕೊಳ್ಳೋ ದುಡ್ಡು ನೋಡಿದ್ರೆ ನಿಮಗೇ ನಾಚಿಕೆ ಆಗಬೇಕು, ಆದ್ರೂ ಹತ್ತು ರೂಪಾಯಿ ಚೌಕಾಸಿ ಮಾಡ್ತೀರಿ.

ಮನೆಗೆ ಬಂದು ಏನು ಹೇಳ್ತೀರಿ? "ನಾನೇ ಮಾಡ್ದೆ." (ಮನೆಯವರಿಗೂ ಗೊತ್ತು. ಆಯುಧಪೂಜೆ ದಿನ ಸೈಕಲ್ಲಿಗೆ ಕುಂಕುಮ ಇಟ್ಟು ಚಕ್ರದ ಕೆಳಗೆ ನಿಂಬೆಹಣ್ಣು ಇಡೋವಾಗ, ಟೂಲ್ ಬಾಕ್ಸಿಗೆ ಮಾತ್ರ ಎರಡು ಹೂವು ಜಾಸ್ತಿ ಯಾಕೆ ಇಡ್ತಾರೆ ಅಂದ್ಕೊಂಡ್ರಿ?)

ಬಾಲ್ಕನೀಲಿ ಹೇಗೋ ನಡೀತು, ರಸ್ತೇಲಿ? ನೀವು ಈ ವರ್ಷ ಬಿಆರ್‌ಎಂ ಅನ್ನೋ ದೂರದ ಸೈಕಲ್ ಸವಾರಿ ಮಾಡ್ತೀನಿ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದೀರಿ. 200 ಕಿಲೋಮೀಟರ್, ಹದಿಮೂರೂವರೆ ಗಂಟೆ. ಅದರ ನಿಯಮ ಓದಿದೀರಾ? ಒಂದು ಕಂಟ್ರೋಲಿಗೂ (ಚೆಕ್‌ಪಾಯಿಂಟ್ ಅಂದ್ಕೊಳ್ಳಿ) ಇನ್ನೊಂದಕ್ಕೂ ನಡುವೆ ಹಿಂದೆ ಕಾರಲ್ಲಿ ಬಂದು ಯಾರೂ ನೆರವಾಗೋ ಹಾಗಿಲ್ಲ. ಕೆಟ್ರೆ ನೀವೇ ಮಾಡ್ಕೋಬೇಕು. ತರಕಾರಿ ಚೀಲಕ್ಕೆ ಅಲ್ಲಿ ಅವಕಾಶ ಇಲ್ಲ.

ಬಳ್ಳಾರಿ ರಸ್ತೇಲಿ ನಿಮ್ಮ ಶತ್ರು ಮೊಳೆ ಅಲ್ಲ, ಲಾರಿ ಟೈರ್ ಸಿಡಿದಾಗ ಉದುರೋ ಕೂದಲೆಳೆ ತಂತಿ. ಟ್ಯೂಬ್ ಬದಲಾಯಿಸೋ ಮುಂಚೆ ಟೈರಿನ ಒಳಗೆ ಬೆರಳಾಡಿಸಿ (ಮೆಲ್ಲಗೆ, ಚುಚ್ಚುತ್ತೆ) ಅದನ್ನ ಹುಡುಕಿ ಕೀಳಬೇಕು. ಆ ತಾಳ್ಮೆ ನಿಮಗಿಲ್ಲ. ಹೊಸ ಟ್ಯೂಬ್ ಹಾಕಿ ಎರಡು ಕಿಲೋಮೀಟರ್ ಹೋಗ್ತೀರಿ, ಅದೇ ತಂತಿ ಅದೇ ಜಾಗದಲ್ಲಿ ಮತ್ತೆ ಕಚ್ಚುತ್ತೆ.

ಪೆಟ್ರೋಲ್ ಬಂಕಲ್ಲಿ ಗಾಳಿ ಹಿಡಿಸ್ಕೊಂಡ್ರೆ ಆಯ್ತು ಅಂತೀರಾ? ನಿಮ್ಮದು ಪ್ರೆಸ್ಟಾ ವಾಲ್ವು, ಕಡ್ಡಿ ಸಣ್ಣ. ಬಂಕಿನ ಪೈಪು ಕೂರೋದು ಸ್ಕೂಟರು, ಕಾರಿನ ಶ್ರೇಡರ್ ವಾಲ್ವಿಗೆ. ಹಳ್ಳಿ ಅಂಗಡಿಯ ಪಂಪು ವಾಲ್ ಟ್ಯೂಬಿನ ಕಾಲದ್ದು. ಮಧ್ಯೆ ತಿರುಗಿಸೋಕೆ ಹಿತ್ತಾಳೆಯ ಒಂದು ಅಡಾಪ್ಟರ್ ಸಾಕು, ಹೆಬ್ಬೆರಳ ಉಗುರಿನಷ್ಟು. ಅದೆಲ್ಲಿದೆ? ಮನೇಲಿ, ಆ ಪೇಪರ್ ಮೇಲೆ, ಸಾಲಿನಲ್ಲಿ ನಾಲ್ಕನೆಯದು.

ಹೀಗೆ ಸೈಕಲ್ ತಲೆಕೆಳಗು ಮಾಡಿ ನೀವು ಕೂತಿರೋವಾಗ ಸ್ಕೂಲ್ ಹುಡುಗಿಯೊಬ್ಬಳು ಬರ್ತಾಳೆ. ಅವಳದ್ದು 2006ರಿಂದ ಹಲವು ವರ್ಷ ಸರ್ಕಾರ ಎಂಟನೇ ಕ್ಲಾಸಿನವರಿಗೆ ಕೊಡ್ತಿದ್ದ ಸೈಕಲ್ಲಲ್ಲೊಂದು, ಅಕ್ಕನಿಂದ ತಂಗಿಗೆ ಇಳಿದು ಬಂದಿದ್ದು. ಗೇರಿಲ್ಲ, ಚೈನು ಎಣ್ಣೆ ಕಂಡು ಯಾವ ಕಾಲವಾಯ್ತೋ, ಹಿಂದೆ ಕ್ಯಾರಿಯರಲ್ಲಿ ಹುಲ್ಲಿನ ಹೊರೆ. "ಏನಾಯ್ತು ಅಂಕಲ್, ಪಂಕ್ಚರಾ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಬೆಲ್ ಹೊಡ್ಕೊಂಡು ಹೋಗ್ತಾಳೆ. ಪಂಕ್ಚರ್ ನೋವು ಸಂಜೆಗೆ ಹೋಗುತ್ತೆ, ಆ "ಅಂಕಲ್" ಅಂದಿದ್ದು ಬುಧವಾರದವರೆಗೂ ಇರುತ್ತೆ.

ಸರಿ, ಪ್ಯಾಚ್ ಹಾಕ್ತೀರಿ ಅಂತಾನೇ ಇಟ್ಕೊಳ್ಳೋಣ. ತೂತು ಹುಡುಕಿ, ಸ್ಯಾಂಡ್ ಪೇಪರಲ್ಲಿ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಒಣಗೋವರೆಗೂ ಐದು ನಿಮಿಷ ಸುಮ್ನೆ ಕೂರಬೇಕು. ಹಸೀಲೇ ಅಂಟಿಸಿದ್ರೆ ಹಿಡಿಯಲ್ಲ. (ಸುಮ್ನೆ ಕೂರೋ ಬಾಬತ್ತು, ನಿಮ್ಮ ಕೈಲಿ ಆಗುತ್ತಾ?) ಅಂದ ಹಾಗೆ ಆ ಸೊಲ್ಯೂಷನ್ ಟ್ಯೂಬಿನ ಬಿರಡೆ ಕೊನೇ ಸಲ ತೆಗೆದದ್ದು ಯಾವಾಗ? ಒಮ್ಮೆ ತೆಗೆದ್ರೆ ಎಷ್ಟೇ ಬಿಗಿಯಾಗಿ ಮುಚ್ಚಿದ್ರೂ ಅದು ಬ್ಯಾಗಲ್ಲಿ ಕೂತಲ್ಲೇ ಒಣಗುತ್ತೆ. ಈಗಲೇ ಎದ್ದು ಹೋಗಿ, ಸೀಟಿನ ಕೆಳಗಿನ ಬ್ಯಾಗಿಂದ ತೆಗೆದು ಒಂದು ಸಲ ಹಿಚುಕಿ ನೋಡಿ.

ಬರೀ ಗಾಳಿ ಬಂತಾ?