ಕಡಿಮೆರಾಯರು

ಪುಣೆಯಲ್ಲಿ ಕೊಂಢವಾದ ಎನ್‌ಐಬಿಎಂ ರಸ್ತೆಯ ಕಡೆ ಯಾವ ಸೊಸೈಟಿಗೆ ಹೋದರೂ ಒಬ್ಬ ವಾಚ್‌ಮನ್, ಎರಡು ಲಿಫ್ಟು (ಒಂದು ಕೆಟ್ಟದ್ದು), ಮತ್ತು ಈಚೆಗೆ ಒಬ್ಬ ಸರಳಜೀವಿ ಇದ್ದೇ ಇರುತ್ತಾರೆ. ನಮ್ಮ ಸೊಸೈಟಿಯ ಪಾಲಿಗೆ ಬಂದವರು ಕಡಿಮೆರಾಯರು. ತಂದೆತಾಯಿ ಇಟ್ಟ ಹೆಸರು ಬೇರೆಯೇ ಇದೆ. ಬಳಸಿ ಬಳಸಿ ಅದು ಸವೆಯಬಾರದೆಂದು ನಾವು ನಾಲ್ಕೈದು ಕನ್ನಡದ ಮನೆಯವರು ಈ ಹೆಸರಿಟ್ಟಿದ್ದೇವೆ.

ಊರು ಧಾರವಾಡ, ಉದ್ಯೋಗ ಸಾಫ್ಟ್‌ವೇರು, ವಯಸ್ಸು ನಲವತ್ತೈದರ ಆಚೀಚೆ. ಈ ವೈರಾಗ್ಯ ಅಂಟುವುದು ಅದೇ ವಯಸ್ಸಿನಲ್ಲಿ. ಅದಕ್ಕಿಂತ ಮೊದಲು ಅಂಟಿದರೆ ಬಿಡಲು ಏನೂ ಇರುವುದಿಲ್ಲ. ಫ್ಲ್ಯಾಟಿನ ಸಾಲ ತೀರಿರಬೇಕು, ಕಪಾಟಿನ ಬಾಗಿಲು ಹಾಕಲು ಬಾರದಂತಾಗಿರಬೇಕು, ಆಮೇಲೆ ಸಂಸಾರ ನಿಸ್ಸಾರ.

ಗುರುತು ಹಿಡಿಯುವುದು ಕಷ್ಟವಿಲ್ಲ. ಬೂದು ಬಣ್ಣದ ಖಾದಿ ಜುಬ್ಬಾ, ಅಂಥವೇ ಏಳು. ಹೊಸ್ತಿಲ ಹೊರಗೆ ಒಂದೇ ಜೋಡು ಕೊಲ್ಹಾಪುರಿ ಚಪ್ಪಲಿ. ಹಾಲ್‌ನಲ್ಲಿ ಸೋಫಾ ಇಲ್ಲ, ಟೀಪಾಯಿ ಇಲ್ಲ. ನೆಲದ ಮೇಲೊಂದು ಚಾಪೆ. ಚಾಪೆಯ ಬೆಲೆ ಕೇಳಬಾರದು, ಕೇಳಿದರೆ ಹೇಳಿಬಿಡುತ್ತಾರೆ. ಮಾರಿದ ಸೋಫಾದ ದುಡ್ಡು ಸಾಲದೆ ಮೇಲೆ ಹಾಕಿ ತಂದದ್ದಂತೆ. "ಕೈಲೆ ಹೆಣದದ್ದರೀ, ಜೀವನಪೂರ್ತಿ ಬರ್ತದ" ಎನ್ನುತ್ತಾರೆ. ನಾನು ಅಚ್ಚರಿಪಡಲಿಲ್ಲ. ಗಾಂಧೀಜಿಯವರ ಕನ್ನಡಕ, ಚಪ್ಪಲಿ, ಗಡಿಯಾರ, ತಟ್ಟೆ, ಬಟ್ಟಲು 2009ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಹರಾಜಾದಾಗ 18 ಲಕ್ಷ ಡಾಲರಿಗೆ ಕೂಗಿ ಕೊಂಡವರು ನಮ್ಮ ವಿಜಯ್ ಮಲ್ಯ. ಸರಳತೆಗೆ ಮಾರ್ಕೆಟ್ಟಿನಲ್ಲಿ ಯಾವತ್ತೂ ಒಳ್ಳೆಯ ರೇಟು.

ಸಾಮಾನು ಕಡಿಮೆ ಮಾಡಲು ಎಷ್ಟು ಸಾಮಾನು ಬೇಕಾಗುತ್ತದೆ ಎಂಬುದು ನನಗೆ ತಿಳಿದದ್ದು ರಾಯರಿಂದಲೇ. ಪ್ಲಾಸ್ಟಿಕ್ ಬಾಟಲಿ ಬಿಡಬೇಕಾದರೆ ತಾಮ್ರದ ತಂಬಿಗೆ ಬೇಕು. ಅದಕ್ಕಾಗಿ ಕಸಬಾ ಪೇಟೆಯ ತಾಂಬಟ್ ಆಳಿಗೆ ಹೋದರು. ಅಲ್ಲಿ ತಾಂಬಟರು ಇವತ್ತಿಗೂ ತಾಮ್ರವನ್ನು ಸುತ್ತಿಗೆಯಿಂದ ಬಡಿದು ಪಾತ್ರೆ ಮಾಡುತ್ತಾರೆ. ಆ ಸದ್ದು ಕೇಳುತ್ತ ನಿಂತ ರಾಯರು ತಂಬಿಗೆಯ ಜೊತೆಗೆ ಒಂದು ಹಂಡೆ, ಆರು ಲೋಟ, ಒಂದು ದೊಡ್ಡ ಘಂಗಾಳ ತಂದರು. ಮಿಕ್ಸರ್ ಬಿಡಲು ಒರಳುಕಲ್ಲು ಬಂತು. ಅದನ್ನು ಐದನೇ ಮಜಲೆಗೆ ಏರಿಸಲು ಇಬ್ಬರು ಹಮಾಲರು ಬಂದರು. ಅದರಲ್ಲಿ ಒಂದೇ ಒಂದು ಸಲ ಚಟ್ನಿ ರುಬ್ಬಿದ್ದು. ಕೆಳಗಿನ ಮನೆಯವರು ಭೂಕಂಪವೆಂದು ಪಾರ್ಕಿಂಗಿಗೆ ಓಡಿ ಬಂದರು. ಇನ್ನು ಮಂಗಳವಾರ ಪೇಟೆಯ ಜೂನಾ ಬಾಜಾರ್ ಕೂಡುವುದು ರವಿವಾರ ಮತ್ತು ಬುಧವಾರ. ರಾಯರದು ರವಿವಾರದ ಪಾಳಿ. ಬೇರೆ ಯಾರೋ ಬೇಡವೆಂದು ಬಿಟ್ಟ ಸಾಮಾನನ್ನೆಲ್ಲ ಹೊತ್ತು ತಂದು, "ಹೊಸಾದೇನೂ ತಗೊಂಡಿಲ್ಲಲ್ಲ" ಎನ್ನುತ್ತಾರೆ.

ಉಳಿದದ್ದು ಕೊರಿಯರ್‌ನಲ್ಲಿ ಬರುತ್ತದೆ. ಬಿದಿರಿನ ಬ್ರಷ್ಷು, ನಾರಿನ ಮೈಯುಜ್ಜು, ಅಂಟುವಾಳದ ಪುಡಿ, ಒಂದೊಂದಕ್ಕೂ ಒಂದೊಂದು ರಟ್ಟಿನ ಪೆಟ್ಟಿಗೆ. ಇದರಿಂದ ನಿಜವಾಗಿ ಉದ್ಧಾರವಾದವರು ಒಬ್ಬರಿದ್ದಾರೆ. ಪುಣೆಯಲ್ಲಿ ಕಸ ಆಯುವ ಮಂದಿ 1993ರಲ್ಲಿ ಕಾಗದ್ ಕಾಚ್ ಪತ್ರಾ ಕಷ್ಟಕರೀ ಪಂಚಾಯತ್ ಎಂಬ ಸಂಘಟನೆ ಕಟ್ಟಿಕೊಂಡರು. ಅದರಿಂದ ಹುಟ್ಟಿದ 'ಸ್ವಚ್ಛ' ಸಹಕಾರಿ ಸಂಸ್ಥೆಯ ಸದಸ್ಯರು 2008ರಿಂದ ಮಹಾನಗರಪಾಲಿಕೆಯ ಒಪ್ಪಂದದ ಮೇಲೆ ಮನೆಬಾಗಿಲಿಗೆ ಬಂದು ಕಸ ಒಯ್ಯುತ್ತಾರೆ. ಅದರಲ್ಲಿ ಸಿಕ್ಕ ರಟ್ಟು, ಬಾಟಲಿ ಮಾರಿದ ದುಡ್ಡು ಅವರದೇ. ನಮ್ಮ ಮಜಲೆಗೆ ಬರುವ ಮಾವಶಿಗೆ ರಾಯರ ಬಾಗಿಲೆಂದರೆ ಬಲು ಭಕ್ತಿ. ಒಂದು ಬೆಳಿಗ್ಗೆ ಪೆಟ್ಟಿಗೆಗಳನ್ನು ಕಟ್ಟಿ ತಲೆಯ ಮೇಲೆ ಹೊತ್ತವರೇ, "ಸಾಹೇಬ, ಅಸಂಚ್ ಸಾಧಂ ರಾಹಾ" ಎಂದು ಹರಸಿದರು. ಹೀಗೇ ಸಾದಾ ಇರಿ ಸಾಹೇಬರೇ! ಬಡವರಿಗೂ ತನ್ನ ದಾರಿ ಮೆಚ್ಚಿಗೆಯಾಯಿತೆಂದು ರಾಯರು ಇದನ್ನು ಇಂದಿಗೂ ಎಲ್ಲರಿಗೂ ಹೇಳುತ್ತಾರೆ.

ರಾಯರ ಬಳಿ ಈಗ ಇರುವುದು ಒಟ್ಟು 100 ವಸ್ತು. ಪಟ್ಟಿ ಇದೆ. ಇದು ಅಮೆರಿಕದ ಡೇವ್ ಬ್ರೂನೊ ಎಂಬಾತ ಹಾಕಿಕೊಟ್ಟ ವ್ರತ. ಆತನೂ ಜಾಣನೇ: ಪುಸ್ತಕಗಳನ್ನೆಲ್ಲ ಸೇರಿಸಿ 'ಗ್ರಂಥಾಲಯ, ಒಂದು' ಎಂದು ಎಣಿಸಿದ, ಮನೆಮಂದಿಯೆಲ್ಲ ಬಳಸುವುದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ನಮ್ಮವರಿಗೆ ಇಷ್ಟು ಸಂದು ಸಿಕ್ಕರೆ ಸಾಲದೆ? ಕಾರು ಅವರ ಹೆಂಡತಿ, ಅಂದರೆ ನಮ್ಮ ವೈನಿಯವರದು. ಟಿವಿ ಮಗನದು. ಫ್ರಿಜ್ಜು ಕುಟುಂಬದ್ದು. ಎಸಿ ಗೋಡೆಯದು. ಎರಡು ಕ್ಯಾಮೆರಾ, ಐದು ಲೆನ್ಸು, ಸ್ಟ್ಯಾಂಡು ಕೂಡಿ 'ಹವ್ಯಾಸ, ಒಂದು'. ಬೇನಾಮಿ ಆಸ್ತಿಯನ್ನು ಇಷ್ಟು ಸಾತ್ವಿಕವಾಗಿ ಇಟ್ಟುಕೊಂಡವರನ್ನು ನಾನು ಬೇರೆ ಕಂಡಿಲ್ಲ.

ವೈನಿಯವರ ಕಥೆ ಬೇರೆ. ಸಂಕ್ರಮಣದಿಂದ ರಥಸಪ್ತಮಿಯವರೆಗೆ ಪುಣೆಯ ಹೆಂಗಸರು ಅರಿಷಿಣ ಕುಂಕುಮಕ್ಕೆ ಕರೆದವರಿಗೆಲ್ಲ 'ವಾಣ' ಎಂದು ಏನಾದರೊಂದು ಮನೆಸಾಮಾನು ಕೊಡುವ ಪದ್ಧತಿ. ರಾಯರು ಪಟ್ಟಿಯಿಂದ ಒಂದು ಚಮಚ ತೆಗೆಯುವಷ್ಟರಲ್ಲಿ ವೈನಿ ಎಂಟು ಬಟ್ಟಲು, ಮೂರು ಡಬ್ಬಿ, ಒಂದು ಟೀ ಸೋಸುವ ಜಾಳಿಗೆ ಗೆದ್ದುಕೊಂಡು ಬಂದಿರುತ್ತಾರೆ. ದಾನ ಮಾಡಲೆಂದು ರಾಯರು ಹನ್ನೆರಡು ಪ್ಯಾಂಟು ಮಡಚಿಟ್ಟರೆ, ಅವರು ಆಫೀಸಿಗೆ ಹೋದ ಮೇಲೆ ಬೋಹಾರೀಣಬಾಯಿ ಬರುತ್ತಾಳೆ. ಹಳೇ ಅರಿವೆಗೆ ಪಾತ್ರೆ ಕೊಡುವವಳು. ಹನ್ನೆರಡು ಪ್ಯಾಂಟಿಗೆ ಒಂದು ಪಾತೇಲಿ ಕುದುರಿತು. ಮುಚ್ಚಳಕ್ಕೆ ಇನ್ನೆರಡು ಅರಿವೆ ಬೇಕಂತೆ. ರಾಯರ ಏಳು ಜುಬ್ಬಾಗಳು ಐದಾದದ್ದು ಅವತ್ತೇ.

ಇಷ್ಟು ಹೇಳಿದ ಮೇಲೆ ನ್ಯಾಯದ ಒಂದು ಮಾತನ್ನೂ ಹೇಳಬೇಕು. ರಾಯರು ಡ್ರಿಲ್ ಇಟ್ಟುಕೊಂಡಿಲ್ಲ. ನಿಚ್ಚಣಿಕೆ, ದೊಡ್ಡ ಕುಕ್ಕರು, ಇಡ್ಲಿ ಸ್ಟ್ಯಾಂಡು, ಬೀಗರು ಬಂದರೆ ಹಾಸುವ ಗಾದಿ, ಯಾವುದೂ ಇಲ್ಲ. ಎಲ್ಲವೂ ನಮ್ಮ ಮನೆಯಲ್ಲಿವೆ. ವರ್ಷಕ್ಕೆ ಒಂದೆರಡು ಮೊಳೆ ಹೊಡೆಯಲು ಮನೆಗೊಂದು ಡ್ರಿಲ್ ಯಾಕೆ ಎಂಬ ಅವರ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ನಮ್ಮ ಊರ ಓಣಿಗಳಲ್ಲೂ ಶ್ಯಾವಿಗೆ ಮಣೆ, ಮದುವೆಯ ಕೊಪ್ಪರಿಗೆ ಮನೆಯಿಂದ ಮನೆಗೆ ತಿರುಗುತ್ತಿದ್ದವು. ಆದರೆ ಕೊಪ್ಪರಿಗೆ ಒಯ್ದವರು ಅದನ್ನು ಇಟ್ಟುಕೊಂಡವರಿಗೆ ಉಪದೇಶ ಮಾಡುತ್ತಿರಲಿಲ್ಲ. ರಾಯರು ಡ್ರಿಲ್ ಮರಳಿ ಕೊಡುತ್ತ ನಮ್ಮ ಹಾಲ್‌ನಲ್ಲೊಮ್ಮೆ ಕಣ್ಣಾಡಿಸಿ, "ಏಟ್ ಸಾಮಾನ ಇಟಗೊಂಡೀರಿ ಮಾರಾಯ್ರ, ಉಸರ ಕಟ್ಟಿಧಂಗ ಆಗೂದಿಲ್ಲೇನು?" ಎನ್ನುತ್ತಾರೆ.

ಇನ್ನು ನೀರಿನ ಡ್ರಮ್ಮಿನ ಒಂದು ಪ್ರಕರಣ ಆದದ್ದು ಬೇಸಗೆಯಲ್ಲಿ. ಪುಣೆಗೆ ಖಡಕವಾಸಲಾದ ನೀರಿದೆ ನಿಜ. ಊರಂಚಿನ ನಮ್ಮಂಥ ಸೊಸೈಟಿಗಳಿಗೆ ಬರುವಷ್ಟರಲ್ಲಿ ಅದು ದಣಿದಿರುತ್ತದೆ. ಉಳಿದದ್ದು ಟ್ಯಾಂಕರಿನ ದಯೆ. ಆದ್ದರಿಂದ ಎಲ್ಲರ ಬಾಲ್ಕನಿಯಲ್ಲೂ ಒಂದು ನೀಲಿ ಡ್ರಮ್ಮು. ರಾಯರೂ ಇಟ್ಟಿದ್ದರು. ಆದರೆ ಮನೆ ಓರಣ ಮಾಡುವುದನ್ನು ಕಲಿಸುವ ಜಪಾನಿನ ಮಾರಿ ಕೊಂಡೊ ಪ್ರತಿ ವಸ್ತುವನ್ನೂ ಕೈಗೆತ್ತಿಕೊಂಡು ಇದು ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಳ್ಳಿ ಎಂದಿದ್ದಾಳಲ್ಲ, ರಾಯರು ಡ್ರಮ್ಮನ್ನು ಎರಡೂ ತೋಳಿನಿಂದ ತಬ್ಬಿ ಕೇಳಿಕೊಂಡರು. ಸಂತೋಷವಾಗಲಿಲ್ಲ. ಡ್ರಮ್ಮು ನಮ್ಮ ಬಾಲ್ಕನಿಗೆ ಬಂತು. (ಮೂರನೇ ಮಗುವಾದ ಮೇಲೆ ಮನೆ ಓರಣದ ಉಸಾಬರಿ ಹೆಚ್ಚುಕಡಿಮೆ ಬಿಟ್ಟಿದ್ದೇನೆ ಎಂದು ಕೊಂಡೊ 2023ರಲ್ಲಿ ಒಪ್ಪಿಕೊಂಡದ್ದನ್ನು ವೈನಿ ಫ್ರಿಜ್ಜಿನ ಮೇಲೆ ಅಂಟಿಸಿದ್ದಾರೆ. ಫ್ರಿಜ್ಜು ಕುಟುಂಬದ್ದಾದ ಕಾರಣ ರಾಯರ ಕಣ್ಣಿಗೆ ಬಿದ್ದಿಲ್ಲ.)

ಏಪ್ರಿಲ್‌ನಲ್ಲಿ ಒಂದು ದಿನ ಟ್ಯಾಂಕರ್ ಬರಲಿಲ್ಲ. ಬೆಳಿಗ್ಗೆ ಏಳಕ್ಕೆ ರಾಯರು ಮೈಗೆಲ್ಲ ಸೋಪು ಬಳಿದುಕೊಂಡು, ಪಂಜೆ ಸುತ್ತಿ, ಪಟ್ಟಿಯಲ್ಲಿದ್ದ ಏಕಮಾತ್ರ ಬಕೆಟ್ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. "ತಗೋರಿ ರಾಯರ, ನಿಮ್ಮ ಡ್ರಮ್ಮಿನ ನೀರ ಅದಾವ" ಎಂದು ನನ್ನ ಹೆಂಡತಿ ಬಾಲ್ಕನಿ ತೋರಿಸಿದಳು. ಆ ಹೊತ್ತು ಡ್ರಮ್ಮನ್ನು ನೋಡಿದಾಗ ಅವರ ಮುಖದ ಮೇಲೆ ಮೂಡಿದ್ದು ಸಂತೋಷವೇ, ಅದರಲ್ಲಿ ಅನುಮಾನವಿಲ್ಲ.

ಫ್ಲ್ಯಾಟಿನಲ್ಲಿ ನಿಜವಾದ ಸರಳ ಬದುಕು ಆಗದು ಎಂಬ ತೀರ್ಮಾನಕ್ಕೆ ಅವರು ಬಂದದ್ದು ಆಮೇಲೆ. ಬೋಪದೇವ ಘಾಟ ದಾಟಿ ಸಾಸವಡದ ಕಡೆ ಜಾಗ ಹಿಡಿದಿದ್ದಾರೆ. ಮಣ್ಣಿನ ಮನೆ ಕಟ್ಟಿಸುತ್ತಾರಂತೆ. ಈ ಫ್ಲ್ಯಾಟೂ ಇರುತ್ತದೆ. ಮೊನ್ನೆ ಬಂದು ನಕ್ಷೆ ಹರಡಿದರು.

"ಫ್ಯಾನ್ ಇಲ್ಲ, ಫ್ರಿಜ್ ಇಲ್ಲ. ಎರಡ ಖೋಲಿ, ಒಂದ ಪಡಸಾಲಿ, ಸುತ್ತೂ ಕಡೆ ಬರೇ ಗುಡ್ಡ."

"ಬಾಜೂಕ ಯಾರದರೆ ಮನಿ ಅವ ಏನ್ರೀ?" ಎಂದಳು ನನ್ನ ಹೆಂಡತಿ.

"ಒಂದೂ ಇಲ್ಲರಿ ವೈನಿ."

"ಹಂಗಾದ್ರ ನಿಚ್ಚಣಿಕಿ, ಡ್ರಿಲ್ಲು, ಕುಕ್ಕರ ಯಾರ ಕಡೆ ಇಸಗೋತೀರಿ?"

ರಾಯರು ನಕ್ಷೆಯನ್ನು ನನ್ನ ಕಡೆ ತಿರುಗಿಸಿದರು. "ಅದನ್ನ ಹೇಳಾಕ ಬಂದೆರೀ. ಬಾಜೂಕಿನ ಪ್ಲಾಟು ಇನ್ನೂ ಖಾಲಿ ಅದ. ನೀವ್ಯಾಕ ತಗೋಬಾರದು?"